ಪಾಠದ ಬರಹಕ್ಕೆ ಚಿತ್ರ ಜೋಡಿಸುವ ಕ್ರಮ

ಶಾಲೆಯ ಪಾಠವಿರಲಿ, ಆರೋಗ್ಯ ಕಾರ್ಯಕರ್ತೆಯರ ತರಬೇತಿಯ ಕೈಪಿಡಿಯಿರಲಿ, ಓದಿ ಕಲಿಯಬೇಕಾದ ಬರಹವನ್ನು ಸಿದ್ಧಪಡಿಸುವಾಗ ನಮ್ಮಲ್ಲಿ ಸಾಮಾನ್ಯವಾಗಿ ಬರಹ ಮೊದಲು ಮುಗಿಯುತ್ತದೆ. ಚಿತ್ರಗಳು ಆಮೇಲೆ, ಪುಟವಿನ್ಯಾಸದ ಹಂತದಲ್ಲಿ, ಜಾಗ ಉಳಿದ ಕಡೆಗೆ ಬಂದು ಸೇರುತ್ತವೆ. ಪಾಠ ಬರೆದವರು ಚಿತ್ರವನ್ನು ನೋಡಿರುವುದಿಲ್ಲ, ಚಿತ್ರ ಬಿಡಿಸಿದವರು ಪಾಠವನ್ನು ಪೂರ್ತಿ ಓದಿರುವುದಿಲ್ಲ. ಪುಟವೇನೋ ಅಂದವಾಗಿ ಕಾಣುತ್ತದೆ, ಆದರೆ ಆ ಚಿತ್ರದಿಂದ ಓದುವವರಿಗೆ ಏನಾದರೂ ಲಾಭವಾಯಿತೇ ಎಂಬುದನ್ನು ಅದೃಷ್ಟಕ್ಕೆ ಬಿಟ್ಟಂತಾಗುತ್ತದೆ. ಇಲ್ಲಿ ಹೇಳಹೊರಟಿರುವ ಕ್ರಮ ಇದಕ್ಕೆ ತಿರುವುಮುರುವಾದದ್ದು: ಚಿತ್ರವನ್ನು ಪುಟಕ್ಕಲ್ಲ, ವಾಕ್ಯಕ್ಕೆ ಜೋಡಿಸಬೇಕು. ಈ ಚಿತ್ರ ಯಾವ ವಾಕ್ಯಕ್ಕಾಗಿ ಇದೆ ಎಂದು ಬೆರಳಿಟ್ಟು ತೋರಿಸಲು ಆಗದಿದ್ದರೆ ಅದನ್ನು ಬಿಡುವುದೇ ಲೇಸು.

ಚಿತ್ರದಿಂದ ಕಲಿಕೆಗೆ ನೆರವಾಗುತ್ತದೆ ಎಂಬ ಬಗ್ಗೆ ಸಂಶೋಧಕರಲ್ಲಿ ಹೆಚ್ಚಿನ ಸಂಶಯವಿಲ್ಲ. ಲೆವಿ ಮತ್ತು ಲೆಂಟ್ಜ್ ಎಂಬ ಇಬ್ಬರು ಸಂಶೋಧಕರು 1982ರಲ್ಲಿ, ಅಲ್ಲಿಯವರೆಗೆ ನಡೆದಿದ್ದ ಪ್ರಯೋಗಗಳನ್ನು ಒಟ್ಟುಗೂಡಿಸಿ, ಬರಹವನ್ನಷ್ಟೇ ಓದಿದವರನ್ನೂ ಅದೇ ಬರಹವನ್ನು ಚಿತ್ರಸಹಿತ ಓದಿದವರನ್ನೂ ಹೋಲಿಸಿದ 46 ಸಂದರ್ಭಗಳನ್ನು ಪರಿಶೀಲಿಸಿದರು; ಅವುಗಳಲ್ಲಿ 45ರಲ್ಲಿ ಚಿತ್ರಸಹಿತ ಓದಿದವರ ಸರಾಸರಿಯೇ ಮೇಲಿತ್ತು. ಈ ಮಾತನ್ನು ಎಲ್ಲರೂ ಸಂತೋಷದಿಂದ ಉದ್ಧರಿಸುತ್ತಾರೆ. ಅದೇ ಪರಿಶೀಲನೆಯಲ್ಲಿ ಕಂಡುಬಂದ ಇನ್ನೊಂದು ಸಂಗತಿಯನ್ನು ಮಾತ್ರ ಅಷ್ಟಾಗಿ ಯಾರೂ ಹೇಳುವುದಿಲ್ಲ. ಲಾಭ ಸಿಕ್ಕಿದ್ದು ಬರಹ ಮತ್ತು ಚಿತ್ರ ಎರಡರಲ್ಲಿಯೂ ಇದ್ದ ವಿಷಯಕ್ಕೆ. ಬರಹದಲ್ಲಿ ಮಾತ್ರ ಇದ್ದು ಚಿತ್ರದಲ್ಲಿ ಇಲ್ಲದ ವಿಷಯದ ಮಟ್ಟಿಗೆ ಎರಡೂ ಗುಂಪುಗಳು ಹೆಚ್ಚುಕಡಿಮೆ ಒಂದೇ ಸಮನಾಗಿದ್ದವು. ಅಂದರೆ ಪುಟದಲ್ಲಿ ಚಿತ್ರವಿದೆ ಎಂಬ ಕಾರಣಕ್ಕೆ ಇಡೀ ಪಾಠ ಸುಲಭವಾಗುವುದಿಲ್ಲ, ಚಿತ್ರ ಯಾವ ಮಾತನ್ನು ಹಿಡಿದಿದೆಯೋ ಆ ಮಾತು ಮಾತ್ರ ನೆನಪಿನಲ್ಲಿ ನಿಲ್ಲುತ್ತದೆ. ಕೆನಡಾದ ಮನಶ್ಶಾಸ್ತ್ರಜ್ಞ ಅಲನ್ ಪೈವಿಯೊ 1971ರ ಹೊತ್ತಿಗೆ ವಿವರವಾಗಿ ಮಂಡಿಸಿದ್ದ ಸಿದ್ಧಾಂತ ಇದಕ್ಕೊಂದು ವಿವರಣೆ ಕೊಡುತ್ತದೆ: ಮಾತು ಒಂದು ಬಗೆಯಲ್ಲಿ, ದೃಶ್ಯ ಇನ್ನೊಂದು ಬಗೆಯಲ್ಲಿ ಮನಸ್ಸಿನಲ್ಲಿ ದಾಖಲಾಗುತ್ತವೆ, ಮತ್ತು ಒಂದೇ ವಿಷಯ ಎರಡೂ ಬಗೆಯಲ್ಲಿ ದಾಖಲಾದಾಗ ಅದನ್ನು ನೆನಪಿಗೆ ತಂದುಕೊಳ್ಳಲು ಎರಡು ದಾರಿಗಳಿರುತ್ತವೆ. ಮಾತು ಒಂದನ್ನು ಹೇಳಿ ಚಿತ್ರ ಮತ್ತೊಂದನ್ನು ತೋರಿಸಿದರೆ ಆ ಎರಡು ದಾರಿಗಳು ಎಲ್ಲಿಯೂ ಕೂಡುವುದಿಲ್ಲ.

ಚಿತ್ರ ಬೇಡುವ ವಾಕ್ಯವನ್ನು ಹುಡುಕುವುದು

ಬರಹದ ಕರಡನ್ನು ಕಾಗದದ ಮೇಲೆ ಮುದ್ರಿಸಿಕೊಂಡು ಪೆನ್ಸಿಲ್ ಹಿಡಿದು ಓದಬೇಕು. ಯಾವ ವಾಕ್ಯವನ್ನು ಓದುವಾಗ ಓದುಗನು ಒಂದು ಆಕಾರವನ್ನೋ, ವಸ್ತುಗಳು ಎಲ್ಲೆಲ್ಲಿವೆ ಎಂಬುದನ್ನೋ, ಚಲನೆಯ ದಿಕ್ಕನ್ನೋ, ಏಕಕಾಲಕ್ಕೆ ನಡೆಯುವ ಎರಡು ಕ್ರಿಯೆಗಳನ್ನೋ ತಲೆಯಲ್ಲಿ ಹಿಡಿದಿಟ್ಟುಕೊಳ್ಳಬೇಕಾಗುತ್ತದೆಯೋ, ಆ ವಾಕ್ಯದ ಅಂಚಿನಲ್ಲಿ ಗುರುತು ಹಾಕಬೇಕು. ಕಾರಣ, ಅಭಿಪ್ರಾಯ, ನಿಯಮ, ವ್ಯಾಖ್ಯೆ, ಇಸವಿಗಳನ್ನು ಹೇಳುವ ವಾಕ್ಯಗಳಿಗೆ ಗುರುತು ಬೇಡ. ಅಂಥ ವಾಕ್ಯಗಳಿಗೆ ಚಿತ್ರ ಹಾಕಹೊರಟರೆ ಕೊನೆಗೆ ತಕ್ಕಡಿ, ಬಲ್ಬು, ಕೈಕುಲುಕುವ ಕೈಗಳು ಇಂಥವೇ ಬಂದು ಕೂರುತ್ತವೆ. ಜಿಲ್ ಲಾರ್ಕಿನ್ ಮತ್ತು ಅರ್ಥಶಾಸ್ತ್ರದ ನೊಬೆಲ್ ಪಡೆದ ಹರ್ಬರ್ಟ್ ಸೈಮನ್ 1987ರಲ್ಲಿ ತೋರಿಸಿದ ಹಾಗೆ, ರೇಖಾಚಿತ್ರದ ಲಾಭವಿರುವುದು ಅದು ಒಟ್ಟಿಗೆ ಬೇಕಾಗುವ ಮಾಹಿತಿಯನ್ನು ಒಂದೇ ಜಾಗದಲ್ಲಿ ಇಡುವುದರಲ್ಲಿ; ವಾಕ್ಯಗಳಲ್ಲಾದರೆ ಅದೇ ಮಾಹಿತಿಯನ್ನು ಸಾಲಿನಿಂದ ಸಾಲಿಗೆ ಹುಡುಕುತ್ತಾ ಹೋಗಬೇಕಾಗುತ್ತದೆ.

ಹೈಸ್ಕೂಲು ವಿಜ್ಞಾನದ ಒಂದು ವಾಕ್ಯವನ್ನು ತೆಗೆದುಕೊಳ್ಳೋಣ. “ದೇಹದಿಂದ ಬಂದ ರಕ್ತ ಬಲ ಹೃತ್ಕರ್ಣವನ್ನು ಸೇರಿ, ಕವಾಟದ ಮೂಲಕ ಬಲ ಹೃತ್ಕುಕ್ಷಿಗೆ ಇಳಿದು, ಪುಪ್ಪುಸಕ ಅಪಧಮನಿಯ ಮೂಲಕ ಶ್ವಾಸಕೋಶಗಳಿಗೆ ಹೋಗುತ್ತದೆ; ಅಲ್ಲಿ ಆಮ್ಲಜನಕ ಪಡೆದು ಎಡ ಹೃತ್ಕರ್ಣಕ್ಕೆ ಮರಳಿ, ಎಡ ಹೃತ್ಕುಕ್ಷಿಗೆ ಇಳಿದು, ಮಹಾಪಧಮನಿಯ ಮೂಲಕ ದೇಹಕ್ಕೆಲ್ಲ ಹರಿಯುತ್ತದೆ.” ವ್ಯಾಕರಣದಲ್ಲಿ ತಪ್ಪಿಲ್ಲ, ವಿಷಯದಲ್ಲಿಯೂ ತಪ್ಪಿಲ್ಲ, ಆದರೂ ಮೊದಲ ಸಲ ಓದುವ ಹುಡುಗಿಗೆ ಅರ್ಧ ದಾರಿಯಲ್ಲಿಯೇ ರಕ್ತ ಎಲ್ಲಿದೆ ಎಂಬುದು ತಪ್ಪಿಹೋಗುತ್ತದೆ, ಏಕೆಂದರೆ ಅವಳು ನಾಲ್ಕು ಕೋಣೆಗಳನ್ನೂ ಅವುಗಳ ಎಡಬಲಗಳನ್ನೂ ರಕ್ತನಾಳಗಳನ್ನೂ ಏಕಕಾಲಕ್ಕೆ ನೆನಪಿನಲ್ಲಿ ನಿಲ್ಲಿಸಿಕೊಂಡೇ ಮುಂದೆ ಓದಬೇಕು. ಇಂಥ ವಾಕ್ಯ ಚಿತ್ರವನ್ನು ಬೇಡುತ್ತದೆ. ಅದರ ಮುಂದಿನ ವಾಕ್ಯ “ಆಹಾರದಿಂದ ಶಕ್ತಿ ಬಿಡುಗಡೆ ಮಾಡಿಕೊಳ್ಳಲು ಜೀವಕೋಶಗಳಿಗೆ ಆಮ್ಲಜನಕ ಬೇಕು” ಎಂದಿದ್ದರೆ ಅದಕ್ಕೆ ಚಿತ್ರ ಬೇಡ, ಇನ್ನೆರಡು ವಾಕ್ಯಗಳ ವಿವರಣೆ ಬೇಕು.

ಹೃದಯದ ಚಿತ್ರವನ್ನು ಸಿದ್ಧಮಾಡುವ ಬಗೆ

ಮೊದಲ ಪ್ರಶ್ನೆ, ಛಾಯಾಚಿತ್ರವೋ ರೇಖಾಚಿತ್ರವೋ ಎಂಬುದು. ನಿಜವಾದ ಹೃದಯದ ಛಾಯಾಚಿತ್ರದಲ್ಲಿ ಕಾಣುವುದು ಹೊರಗಿನ ಸ್ನಾಯು ಮತ್ತು ಕೊಬ್ಬು. ನಮ್ಮ ವಾಕ್ಯಕ್ಕೆ ಬೇಕಾದ ನಾಲ್ಕು ಕೋಣೆಗಳು ಅದರಲ್ಲಿ ಕಾಣುವುದೇ ಇಲ್ಲ. ಹಾಗಾಗಿ ಇಲ್ಲಿ ಸೀಳುನೋಟದ ಸರಳ ರೇಖಾಚಿತ್ರವೇ ಸರಿ. ಅದರಲ್ಲಿಯೂ ನಮ್ಮ ವಾಕ್ಯ ಹೆಸರಿಸುವ ಭಾಗಗಳಷ್ಟೇ ಇರಬೇಕು. ಹೃದಯಕ್ಕೇ ರಕ್ತ ಒದಗಿಸುವ ನಾಳಗಳ ಬಗ್ಗೆ ಪಾಠ ಮಾತಾಡದಿದ್ದರೆ ಚಿತ್ರದಲ್ಲಿ ಅವು ಬೇಡ. ಎಡ ಹೃತ್ಕುಕ್ಷಿಯ ಗೋಡೆ ಬಲದ್ದಕ್ಕಿಂತ ದಪ್ಪವಾಗಿರುವುದನ್ನು ಮಾತ್ರ ತೋರಿಸಬೇಕು, ಮತ್ತು ತೋರಿಸಿದ ಮೇಲೆ, ಇಡೀ ದೇಹಕ್ಕೆ ರಕ್ತ ತಳ್ಳುವ ಕೆಲಸ ಎಡಭಾಗದ್ದಾದ್ದರಿಂದ ಹೀಗಿದೆ ಎಂಬ ಮಾತನ್ನು ಬರಹದಲ್ಲಿ ಸೇರಿಸಬೇಕು. ಚಿತ್ರ ತೋರಿಸಿದ್ದನ್ನು ಬರಹ ವಿವರಿಸದೆ ಬಿಟ್ಟರೆ ಓದುವವರು ಅದನ್ನು ಚಿತ್ರಕಾರರ ಕೈತಪ್ಪು ಎಂದುಕೊಳ್ಳುತ್ತಾರೆ.

ಎರಡನೆಯದು ಎಡಬಲದ ತೊಡಕು. ಹೃದಯದ ಚಿತ್ರವನ್ನು ಎದುರಿಗೆ ನಿಂತ ವ್ಯಕ್ತಿಯ ಎದೆಯೊಳಗೆ ನೋಡಿದಂತೆ ಬರೆಯುವುದು ರೂಢಿ. ಆದ್ದರಿಂದ ವ್ಯಕ್ತಿಯ ಎಡಭಾಗ ಪುಟದ ಬಲಕ್ಕೆ ಬರುತ್ತದೆ. ವೈದ್ಯರಿಗೆ ಇದು ಅಭ್ಯಾಸವಾಗಿದೆ, ಮಕ್ಕಳಿಗಲ್ಲ. “ಎಡ ಹೃತ್ಕುಕ್ಷಿ” ಎಂದು ಓದಿ ಚಿತ್ರದ ಎಡಕ್ಕೆ ಕಣ್ಣು ಹಾಯಿಸಿದ ಮಗುವಿಗೆ ಅಲ್ಲಿ ಬೇರೆಯೇ ಹೆಸರು ಕಾಣುತ್ತದೆ, ಮತ್ತು ಬರಹ ತಪ್ಪೋ ಚಿತ್ರ ತಪ್ಪೋ ಎಂಬ ಗೊಂದಲದಲ್ಲಿ ಓದು ನಿಲ್ಲುತ್ತದೆ. ಚಿತ್ರದ ಮೇಲ್ಭಾಗದಲ್ಲಿ “ದೇಹದ ಬಲ”, “ದೇಹದ ಎಡ” ಎಂದು ಎರಡು ಪದ ಬರೆದರೆ ಈ ತೊಂದರೆ ಅಲ್ಲಿಗೆ ಮುಗಿಯುತ್ತದೆ. ಇಷ್ಟು ಅಗ್ಗದ ಪರಿಹಾರ ಇಷ್ಟು ಪುಸ್ತಕಗಳಲ್ಲಿ ಏಕೆ ಕಾಣುವುದಿಲ್ಲ ಎಂಬುದು ನನಗೆ ಇಂದಿಗೂ ತಿಳಿಯದ ಸಂಗತಿ.

ಮೂರನೆಯದು ಬಣ್ಣ. ಆಮ್ಲಜನಕ ಹೆಚ್ಚಿರುವ ರಕ್ತಕ್ಕೆ ಕೆಂಪು, ಕಡಿಮೆಯಿರುವ ರಕ್ತಕ್ಕೆ ನೀಲಿ ಎಂಬ ಸಂಕೇತ ಲೋಕದಲ್ಲೆಲ್ಲ ಚಾಲ್ತಿಯಲ್ಲಿದೆ. ಅದು ಸಂಕೇತ ಮಾತ್ರ ಎಂದು ಹೇಳದಿದ್ದರೆ, ಮುಂಗೈಯ ರಕ್ತನಾಳ ನೀಲಿಯಾಗಿ ಕಾಣುವುದನ್ನೂ ಸೇರಿಸಿಕೊಂಡು, ದೇಹದೊಳಗೆ ನಿಜಕ್ಕೂ ನೀಲಿ ರಕ್ತ ಹರಿಯುತ್ತದೆ ಎಂದು ಮಕ್ಕಳು ತೀರ್ಮಾನಿಸಿಬಿಡುತ್ತಾರೆ. ಆಮ್ಲಜನಕ ಕಡಿಮೆಯಿರುವ ರಕ್ತದ ನಿಜವಾದ ಬಣ್ಣ ಕಡುಗೆಂಪು ಎಂಬ ಒಂದು ವಾಕ್ಯ ಚಿತ್ರದ ಅಡಿಬರಹದಲ್ಲೇ ಇರಬೇಕು. ಪುಪ್ಪುಸಕ ಅಪಧಮನಿಯಲ್ಲಿ ಇನ್ನೊಂದು ಎಡವು ಇದೆ: ಉಳಿದ ಅಪಧಮನಿಗಳೆಲ್ಲ ಚಿತ್ರದಲ್ಲಿ ಕೆಂಪಗಿರುವಾಗ ಇದೊಂದು ನೀಲಿಯಾಗಿರುತ್ತದೆ. ಹೃದಯದಿಂದ ಹೊರಕ್ಕೆ ಒಯ್ಯುವ ನಾಳವೇ ಅಪಧಮನಿ, ಬಣ್ಣಕ್ಕೂ ಆ ಹೆಸರಿಗೂ ಸಂಬಂಧವಿಲ್ಲ ಎಂಬುದನ್ನು ಬರಹವೇ ಹೇಳಬೇಕು. ಚಿತ್ರ ಅದನ್ನು ತಾನಾಗಿ ಹೇಳಲಾರದು.

ನಾಲ್ಕನೆಯದಾಗಿ, ದಾರಿಯ ಹಂತಗಳಿಗೆ ಅಂಕೆ ಕೊಡಬೇಕು: ಬಲ ಹೃತ್ಕರ್ಣಕ್ಕೆ 1, ಬಲ ಹೃತ್ಕುಕ್ಷಿಗೆ 2, ಹೀಗೆ ಮಹಾಪಧಮನಿಯವರೆಗೆ. ಅದೇ ಅಂಕೆಗಳು ಬರಹದ ವಾಕ್ಯಗಳಲ್ಲಿಯೂ ಆಯಾ ಪದದ ಪಕ್ಕದಲ್ಲಿ ಬರಬೇಕು. ಇದೇನೂ ಹೊಸ ಉಪಾಯವಲ್ಲ. ಕೊಮೆನಿಯಸ್ ಎಂಬ ಶಿಕ್ಷಣತಜ್ಞ 1658ರಲ್ಲಿ ನ್ಯೂರೆಂಬರ್ಗಿನಲ್ಲಿ ಅಚ್ಚಾದ ತನ್ನ ಮಕ್ಕಳ ಸಚಿತ್ರ ಪಠ್ಯದಲ್ಲಿ, ಚಿತ್ರದೊಳಗಿನ ವಸ್ತುಗಳಿಗೂ ಪಕ್ಕದ ಲ್ಯಾಟಿನ್ ಮತ್ತು ಜರ್ಮನ್ ಪದಗಳಿಗೂ ಒಂದೇ ಅಂಕೆ ಕೊಟ್ಟು ಜೋಡಿಸಿದ್ದರು. ಅಮೆರಿಕದ ರಿಚರ್ಡ್ ಮೇಯರ್ ಮತ್ತು ಜೋನ್ ಗ್ಯಾಲಿನಿ 1990ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ಬ್ರೇಕು, ಪಂಪು ಮುಂತಾದ ಯಂತ್ರಗಳ ವಿವರಣೆಯನ್ನು ವಿದ್ಯಾರ್ಥಿಗಳು ಓದಿದರು. ಭಾಗಗಳ ಹೆಸರನ್ನಷ್ಟೇ ತೋರಿಸಿದ ಚಿತ್ರಗಳಿಗಿಂತ, ಭಾಗಗಳ ಹೆಸರಿನ ಜೊತೆಗೆ ಅವು ಹಂತಹಂತವಾಗಿ ಹೇಗೆ ಬದಲಾಗುತ್ತವೆ ಎಂಬುದನ್ನೂ ತೋರಿಸಿದ ಚಿತ್ರಗಳೇ ಅರ್ಥಗ್ರಹಿಕೆಗೆ ನೆರವಾದವು. ಆ ನೆರವು ವಿಷಯದ ಪರಿಚಯ ಕಡಿಮೆಯಿದ್ದವರಲ್ಲಿ ಎದ್ದು ಕಂಡಿತು.

ಚಿತ್ರದ ಜಾಗ

“ಚಿತ್ರ 3.2 ನೋಡಿ” ಎಂದು ಬರೆದು ಆ ಚಿತ್ರವನ್ನು ಹಿಂಬದಿಯ ಪುಟದಲ್ಲಿಟ್ಟರೆ, ಓದುವವರು ವಾಕ್ಯವನ್ನು ನೆನಪಿನಲ್ಲಿಟ್ಟುಕೊಂಡು ಪುಟ ಮಗುಚಬೇಕು, ಚಿತ್ರ ನೋಡಬೇಕು, ಮತ್ತೆ ಹಿಂದಿರುಗಿ ಸಾಲನ್ನು ಹುಡುಕಿಕೊಳ್ಳಬೇಕು. ಒಂದೆರಡು ಸಲ ಮಾಡುತ್ತಾರೆ, ಆಮೇಲೆ ಚಿತ್ರವನ್ನೇ ಬಿಡುತ್ತಾರೆ. ಆಸ್ಟ್ರೇಲಿಯಾದ ಜಾನ್ ಸ್ವೆಲ್ಲರ್ ಮತ್ತು ಪಾಲ್ ಚಾಂಡ್ಲರ್ ಇದನ್ನು ಗಮನ ಸೀಳಿಹೋಗುವ ಪರಿಣಾಮವೆಂದು ಗುರುತಿಸಿ, ವಿವರಣೆಯ ಮಾತನ್ನು ಚಿತ್ರದೊಳಗೇ ಆಯಾ ಭಾಗದ ಬಳಿ ತಂದಿಟ್ಟಾಗ ಕಲಿಕೆ ಸುಧಾರಿಸುವುದನ್ನು ತೋರಿಸಿಕೊಟ್ಟಿದ್ದಾರೆ. ಮೇರಿ ಹೆಗಾರ್ಟಿ ಮತ್ತು ಮಾರ್ಸೆಲ್ ಜಸ್ಟ್ 1993ರಲ್ಲಿ ರಾಟೆಗಳ ವ್ಯವಸ್ಥೆಯ ಬಗ್ಗೆ ಓದುವವರ ಕಣ್ಣಿನ ಚಲನೆಯನ್ನು ಅಳೆದು ನೋಡಿದಾಗ, ಓದುಗರು ಬರಹವನ್ನೆಲ್ಲ ಮುಗಿಸಿ ಚಿತ್ರಕ್ಕೆ ಹೋಗುವುದಿಲ್ಲ, ಸ್ವಲ್ಪ ಓದಿ ಚಿತ್ರ ನೋಡುತ್ತಾರೆ, ಮತ್ತೆ ಸ್ವಲ್ಪ ಓದಿ ಮತ್ತೆ ಚಿತ್ರಕ್ಕೆ ಬರುತ್ತಾರೆ ಎಂಬುದು ಗೊತ್ತಾಯಿತು. ಓದುವ ಕಣ್ಣು ಹೀಗೆ ಹೋಗಿಬರುವುದಾದರೆ ಆ ದಾರಿಯನ್ನು ಆದಷ್ಟು ಗಿಡ್ಡ ಮಾಡುವುದು ಪುಟ ಕಟ್ಟುವವರ ಕರ್ತವ್ಯ: ಹೃದಯದ ವಾಕ್ಯವೂ ಚಿತ್ರವೂ ಒಂದೇ ನೋಟದಲ್ಲಿ ಕಾಣಬೇಕು, ಭಾಗಗಳ ಹೆಸರನ್ನು ಅ, ಆ, ಇ ಎಂದು ಗುರುತಿಸಿ ಕೆಳಗೆ ಪಟ್ಟಿ ಕೊಡುವ ಬದಲು ಭಾಗದ ಪಕ್ಕದಲ್ಲೇ ಬರೆಯಬೇಕು.

ಚಿತ್ರ ಬರಹಕ್ಕಿಂತ ಮೊದಲು ಬರಬೇಕೋ ನಂತರವೋ ಎಂಬುದಕ್ಕೆ ಸಾಮಾನ್ಯ ಉತ್ತರವಿಲ್ಲ, ಆದರೆ ಒಂದು ಸಂದರ್ಭದಲ್ಲಿ ಮೊದಲೇ ಬರಬೇಕು. ಜಾನ್ ಬ್ರಾನ್ಸ್‌ಫರ್ಡ್ ಮತ್ತು ಮಾರ್ಸಿಯಾ ಜಾನ್ಸನ್ 1972ರಲ್ಲಿ ವಿದ್ಯಾರ್ಥಿಗಳಿಗೆ ಒಂದು ಗದ್ಯಭಾಗವನ್ನು ಕೇಳಿಸಿದರು. ಪದಗಳೆಲ್ಲ ಪರಿಚಿತವಾಗಿದ್ದರೂ ಅದು ಯಾವ ಸನ್ನಿವೇಶದ ಮಾತು ಎಂಬುದು ಮಾತ್ರ ಹೊಳೆಯದಂತೆ ಅದನ್ನು ರಚಿಸಲಾಗಿತ್ತು. ಸನ್ನಿವೇಶದ ಚಿತ್ರವನ್ನು ಮೊದಲೇ ನೋಡಿದವರು 14 ವಿಚಾರಗಳಲ್ಲಿ ಸರಾಸರಿ 8ನ್ನು ನೆನಪಿಸಿಕೊಂಡರೆ, ಚಿತ್ರವನ್ನೇ ನೋಡದವರೂ ಕೇಳಿ ಮುಗಿದ ಮೇಲೆ ನೋಡಿದವರೂ 4ನ್ನು ಮುಟ್ಟಲಿಲ್ಲ. ಇನ್ನೊಂದು ಗುಂಪಿಗೆ ಅವೇ ವಸ್ತುಗಳನ್ನು ಬೇರೆ ರೀತಿಯಲ್ಲಿ ಜೋಡಿಸಿದ ಚಿತ್ರವನ್ನು ಮೊದಲೇ ತೋರಿಸಲಾಗಿತ್ತು. ಅವರ ಸರಾಸರಿಯೂ 4ರ ಆಸುಪಾಸಿನಲ್ಲೇ ನಿಂತಿತು. ವಸ್ತುಗಳು ಕಂಡರೆ ಸಾಲದು, ಅವುಗಳ ನಡುವಣ ಸಂಬಂಧ ಕಾಣಬೇಕು ಎಂಬುದಕ್ಕೆ ಇದಕ್ಕಿಂತ ಚೊಕ್ಕ ಸಾಕ್ಷ್ಯ ನನಗೆ ತಿಳಿದಿಲ್ಲ. ನೇಯ್ಗೆಯ ಮಗ್ಗ, ಎತ್ತಿನ ಗಾಣ, ಜಲವಿದ್ಯುತ್ ಸ್ಥಾವರ ಮೊದಲಾದವುಗಳನ್ನು ಕಂಡೇ ಇಲ್ಲದ ಓದುಗರಿಗೆ ಅವುಗಳ ಕೆಲಸವನ್ನು ವಿವರಿಸುವಾಗ, ಇಡೀ ವ್ಯವಸ್ಥೆಯ ಒಂದು ಚಿತ್ರವನ್ನು ಮೊದಲ ವಾಕ್ಯಕ್ಕೂ ಮುಂಚೆ ಕೊಟ್ಟು, ಬಿಡಿಭಾಗಗಳ ಚಿತ್ರಗಳನ್ನು ಆಮೇಲೆ ಆಯಾ ವಾಕ್ಯದ ಬಳಿ ಇಡಬೇಕು.

ಚಿತ್ರ ತಪ್ಪು ಕಲಿಸುವ ಸಂದರ್ಭಗಳು

ಚಿತ್ರ ಜ್ಞಾಪಕದಲ್ಲಿ ಗಟ್ಟಿಯಾಗಿ ನಿಲ್ಲುತ್ತದೆ ಎಂಬ ಗುಣವೇ ಅದರ ಅಪಾಯವೂ ಹೌದು. ಭೂಮಿ ಸೂರ್ಯನನ್ನು ಸುತ್ತುವ ಚಿತ್ರವನ್ನು ಬಹುಪಾಲು ಪುಸ್ತಕಗಳಲ್ಲಿ ಓರೆಯಾಗಿ ನೋಡಿದಂತೆ ಬರೆಯುವುದರಿಂದ ಕಕ್ಷೆ ಉದ್ದನೆಯ ಮೊಟ್ಟೆಯಾಕಾರವಾಗಿ ಕಾಣುತ್ತದೆ. ಎರಡು ತುದಿಗಳಲ್ಲಿ ಭೂಮಿ ಸೂರ್ಯನಿಂದ ಬಹಳ ದೂರ, ನಡುವಿನಲ್ಲಿ ಹತ್ತಿರ. ಪಕ್ಕದ ಬರಹ ಭೂಮಿಯ ಅಕ್ಷ 23.5 ಡಿಗ್ರಿ ಓರೆಯಾಗಿರುವುದೇ ಋತುಗಳಿಗೆ ಕಾರಣವೆಂದು ಎಷ್ಟೇ ಸ್ಪಷ್ಟವಾಗಿ ಹೇಳಿದರೂ, ಹತ್ತಿರ ಬಂದಾಗ ಬೇಸಿಗೆ, ದೂರ ಹೋದಾಗ ಚಳಿಗಾಲ ಎಂಬ ತಪ್ಪು ಕಲ್ಪನೆಗೆ ಆ ಚಿತ್ರ ಇಂಬು ಕೊಡುತ್ತದೆ. ನಿಜವಾಗಿ ಕಕ್ಷೆ ಹೆಚ್ಚುಕಡಿಮೆ ವೃತ್ತವೇ ಆಗಿದೆ: ಅತಿ ಹತ್ತಿರದ ದೂರ ಸುಮಾರು 14.7 ಕೋಟಿ ಕಿಲೋಮೀಟರ್, ಅತಿ ಹೆಚ್ಚಿನ ದೂರ ಸುಮಾರು 15.2 ಕೋಟಿ ಕಿಲೋಮೀಟರ್. ಅದೂ ಅಲ್ಲದೆ ಭೂಮಿ ಸೂರ್ಯನಿಗೆ ಅತಿ ಸಮೀಪವಿರುವುದು ಜನವರಿ ಮೊದಲ ವಾರದಲ್ಲಿ, ಅಂದರೆ ನಮ್ಮ ಕಡೆ ಮಾಗಿಯ ಚಳಿ ಇರುವಾಗಲೇ. ಈ ಪಾಠಕ್ಕೆ ಎರಡು ಚಿತ್ರಗಳು ಬೇಕು: ಮೇಲಿನಿಂದ ನೋಡಿದಂತೆ ವೃತ್ತಾಕಾರದ ಕಕ್ಷೆಯದೊಂದು, ಓರೆಯಾದ ಅಕ್ಷದ ಮೇಲೆ ಬಿಸಿಲು ಬೀಳುವ ಬಗೆಯನ್ನು ಪಕ್ಕದಿಂದ ತೋರಿಸುವುದೊಂದು. ಒಂದೇ ಚಿತ್ರದಲ್ಲಿ ಎರಡನ್ನೂ ತುರುಕಿದ್ದರಿಂದಲೇ ಈ ಗೊಂದಲ ಹುಟ್ಟಿದ್ದು. ಗಾತ್ರ ಮತ್ತು ದೂರಗಳು ಅಳತೆಗೆ ತಕ್ಕಂತೆ ಇಲ್ಲ ಎಂಬ ಮಾತು ಎರಡರ ಅಡಿಯಲ್ಲಿಯೂ ಇರಬೇಕು.

ಬಾಣದ ಗುರುತಿನಲ್ಲಿಯೂ ಇಂಥದೇ ಅಪಾಯವಿದೆ. ಆಹಾರ ಸರಪಳಿಯಲ್ಲಿ ಹುಲ್ಲಿನಿಂದ ಮಿಡತೆಗೆ, ಮಿಡತೆಯಿಂದ ಕಪ್ಪೆಗೆ, ಕಪ್ಪೆಯಿಂದ ಹಾವಿಗೆ ಬಾಣ ಹೋಗುತ್ತದೆ, ಏಕೆಂದರೆ ಅದು ತೋರಿಸುವುದು ಶಕ್ತಿ ಸಾಗುವ ದಿಕ್ಕನ್ನು. ಅದನ್ನು “ತಿನ್ನುತ್ತದೆ” ಎಂದು ಓದಿಕೊಂಡರೆ ಹುಲ್ಲೇ ಮಿಡತೆಯನ್ನು ತಿಂದಂತಾಗುತ್ತದೆ! ಒಂದು ಚಿತ್ರದಲ್ಲಿ ಬಾಣಕ್ಕೆ ಒಂದೇ ಅರ್ಥವಿರಬೇಕು, ಆ ಅರ್ಥವನ್ನು ಮೊದಲ ಬಾಣದ ಮೇಲೆಯೇ ಬರೆದುಬಿಡಬೇಕು. ಚಲನೆಗೊಂದು, ಹೆಸರು ತೋರಿಸಲು ಇನ್ನೊಂದು, ಕಾಲಕ್ರಮಕ್ಕೆ ಮತ್ತೊಂದು ಎಂದು ಮೂರು ಕೆಲಸಗಳನ್ನು ಒಂದೇ ಬಗೆಯ ಬಾಣದಿಂದ ಮಾಡಿಸಬಾರದು. ಹೆಸರು ತೋರಿಸಲು ಬಾಣದ ತಲೆಯಿಲ್ಲದ ಬರಿಯ ಗೆರೆ ಸಾಕು.

ಅಲಂಕಾರದ ಚಿತ್ರಗಳ ವಿಷಯಕ್ಕೆ ಬಂದರೆ, ಊಟಕ್ಕಿಲ್ಲದ ಉಪ್ಪಿನಕಾಯಿ ಯಾತಕ್ಕೂ ಬೇಡ ಎಂಬ ಗಾದೆಯೇ ಸರಿ. ಶಾನನ್ ಹಾರ್ಪ್ ಮತ್ತು ಮೇಯರ್ 1998ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ಮಿಂಚು ಹುಟ್ಟುವ ಬಗೆಯನ್ನು ವಿವರಿಸುವ ಪಾಠಕ್ಕೆ, ಸಿಡಿಲು ಬಡಿದವರ ರೋಚಕ ಪ್ರಸಂಗಗಳನ್ನೂ ಚಿತ್ರಗಳನ್ನೂ ಸೇರಿಸಿ ಕೊಟ್ಟಾಗ, ಓದುಗರಿಗೆ ಮಿಂಚು ಹೇಗೆ ಉಂಟಾಗುತ್ತದೆ ಎಂಬ ಮುಖ್ಯ ವಿಷಯವೇ ಕಡಿಮೆ ನೆನಪಿನಲ್ಲಿ ಉಳಿಯಿತು. ಪಾಠದ ಬಗ್ಗೆ ಆಸಕ್ತಿ ಬರಲಿ ಎಂದು ಹಾಕಿದ ಚಿತ್ರ ಆಸಕ್ತಿಯನ್ನು ತನ್ನತ್ತ ಸೆಳೆದುಕೊಂಡಿತೇ ಹೊರತು ಪಾಠದತ್ತ ತಿರುಗಿಸಲಿಲ್ಲ. ಕಥೆ, ಕವಿತೆಗಳಿಗೆ ಈ ಕಟ್ಟುನಿಟ್ಟು ಅನ್ವಯಿಸುವುದಿಲ್ಲ. ಅಲ್ಲಿ ಚಿತ್ರಕ್ಕೆ ಬೇರೆಯೇ ಘನತೆಯಿದೆ. ವಿವರಿಸುವ ಬರಹದಲ್ಲಿ ಮಾತ್ರ ಅಂದಕ್ಕೆಂದು ಬಂದ ಚಿತ್ರವನ್ನು ಅಧ್ಯಾಯದ ಮುಖಪುಟಕ್ಕೆ ಕಳಿಸಿಬಿಡಬೇಕು.

ಓದುಗರು ಯಾರು ಎಂಬುದರ ಮೇಲೆ

ಈಗಷ್ಟೇ ಅಕ್ಷರ ಕಲಿಯುತ್ತಿರುವ ಮಕ್ಕಳ ವಿಷಯ ಬೇರೆ. ನಮ್ಮ ವರ್ಣಮಾಲೆಯ ಪಟದಲ್ಲಿ ‘ಋ’ ಎಂಬ ಅಕ್ಷರದ ಪಕ್ಕದಲ್ಲಿ ಗಡ್ಡ, ಜಟೆಗಳ ಋಷಿ ಕುಳಿತಿರುತ್ತಾನೆ. ಮಗು ಗಡ್ಡವನ್ನು ನೋಡಿ “ಋಷಿ” ಎಂದು ಜೋರಾಗಿ ಹೇಳುತ್ತದೆ, ಮನೆಯವರು ಮಗುವಿಗೆ ಓದಲು ಬಂತೆಂದು ಹಿಗ್ಗುತ್ತಾರೆ. ಚಿತ್ರವನ್ನು ಕೈಯಿಂದ ಮುಚ್ಚಿದರೆ ಆ ಓದು ನಿಂತುಹೋಗುವುದುಂಟು. ಎಸ್. ಜೇ ಸ್ಯಾಮ್ಯುಯೆಲ್ಸ್ ಎಂಬ ಅಮೆರಿಕದ ಸಂಶೋಧಕರು 1967ರಲ್ಲಿಯೇ ತೋರಿಸಿದಂತೆ, ಹೊಸ ಪದಗಳನ್ನು ಗುರುತಿಸಲು ಕಲಿಯುವಾಗ ಪಕ್ಕದಲ್ಲಿ ಚಿತ್ರವಿದ್ದರೆ ಮಕ್ಕಳು ಪದದ ಬದಲು ಚಿತ್ರವನ್ನೇ ನೋಡಿ ಉತ್ತರಿಸುತ್ತಾರೆ, ಮತ್ತು ಚಿತ್ರವಿಲ್ಲದೆ ಪರೀಕ್ಷಿಸಿದಾಗ ಹಿಂದೆ ಬೀಳುತ್ತಾರೆ. ಆದ್ದರಿಂದ ಪದ ಗುರುತಿಸುವ ಅಭ್ಯಾಸಕ್ಕೆ ಪದವನ್ನು ಕಾರ್ಡಿನ ಒಂದು ಬದಿಯಲ್ಲಿ, ಚಿತ್ರವನ್ನು ಹಿಂಬದಿಯಲ್ಲಿ ಇಡುವುದು ಒಳ್ಳೆಯದು. ಮಗು ಮೊದಲು ಓದಲಿ, ಆಮೇಲೆ ತಿರುಗಿಸಿ ತಾನು ಓದಿದ್ದು ಸರಿಯೇ ಎಂದು ನೋಡಿಕೊಳ್ಳಲಿ.

ವಿಷಯವನ್ನು ಚೆನ್ನಾಗಿ ಬಲ್ಲವರ ಸಂಗತಿ ಇದಕ್ಕೆ ಉಲ್ಟಾ. ಹೊಸಬರಿಗೆ ನೆರವಾಗುವ ವಿವರವಾದ ಚಿತ್ರ ಮತ್ತು ಅದರ ಜೊತೆಗಿನ ಮಾತು ಬಲ್ಲವರಿಗೆ ಹೊರೆಯಾಗಬಹುದೆಂದು ಸ್ಲಾವಾ ಕಾಲ್ಯುಗಾ ಮತ್ತು ಅವರ ಸಂಗಡಿಗರು ತೋರಿಸಿದ್ದಾರೆ. ದಾದಿಯರ ತರಬೇತಿಯ ಪುಸ್ತಕಕ್ಕೆ ಒಂಬತ್ತನೆಯ ತರಗತಿಯ ಹೃದಯದ ಚಿತ್ರವನ್ನು ಎಲ್ಲ ವಿವರಣೆಯೊಂದಿಗೆ ಹಾಕುವ ಅಗತ್ಯವಿಲ್ಲ. ಇನ್ನು, ಕೆಲವರು ‘ನೋಡಿ ಕಲಿಯುವವರು’, ಕೆಲವರು ‘ಕೇಳಿ ಕಲಿಯುವವರು’ ಎಂದು ವಿಂಗಡಿಸಿ, ಮೊದಲಿನವರಿಗೆ ಮಾತ್ರ ಚಿತ್ರ ಬೇಕು ಎನ್ನುವ ಮಾತು ಶಿಕ್ಷಕರ ತರಬೇತಿಗಳಲ್ಲಿ ಇಂದಿಗೂ ಕೇಳಿಬರುತ್ತದೆ. ಹೆರಾಲ್ಡ್ ಪ್ಯಾಶ್ಲರ್ ಮತ್ತು ಇತರ ಮೂವರು ಮನಶ್ಶಾಸ್ತ್ರಜ್ಞರು 2008ರಲ್ಲಿ ಈ ಬಗೆಯ ಅಧ್ಯಯನಗಳನ್ನು ಪರಿಶೀಲಿಸಿ, ಅಂಥ ವಿಂಗಡಣೆಯಂತೆ ಪಾಠ ಮಾಡುವುದಕ್ಕೆ ತಕ್ಕ ಆಧಾರವಿಲ್ಲವೆಂದು ಹೇಳಿದ್ದಾರೆ. ಚಿತ್ರ ಬೇಕೋ ಬೇಡವೋ ಎಂಬುದನ್ನು ವಿಷಯವೇ ನಿರ್ಧರಿಸುತ್ತದೆ: ರಾಟೆಯ ಪಾಠಕ್ಕೆ ಎಲ್ಲರಿಗೂ ಚಿತ್ರ ಬೇಕು, ಸಮಾಸಗಳ ಪಾಠಕ್ಕೆ ಹೆಚ್ಚಾಗಿ ಯಾರಿಗೂ ಬೇಡ.

ಕನ್ನಡದ ಪುಟದಲ್ಲಿ ಗಮನಿಸಬೇಕಾದದ್ದು

ಅಂತರ್ಜಾಲದಿಂದ ಇಳಿಸಿದ ಚಿತ್ರವನ್ನು ಇಂಗ್ಲಿಷ್ ಹೆಸರುಗಳ ಸಮೇತ ಕನ್ನಡ ಪಾಠಕ್ಕೆ ಅಂಟಿಸುವುದು ಈಗ ಸಾಮಾನ್ಯವಾಗಿದೆ. ಬರಹದಲ್ಲಿ ಹೃತ್ಕುಕ್ಷಿ, ಚಿತ್ರದಲ್ಲಿ ವೆಂಟ್ರಿಕಲ್ ಎಂದಿದ್ದರೆ ಎರಡೂ ಒಂದೇ ಎಂದು ಕಂಡುಕೊಳ್ಳುವುದು ಮಗುವಿನ ಪಾಲಿಗೆ ಇನ್ನೊಂದು ಪಾಠವಾಗುತ್ತದೆ. ಚಿತ್ರದ ಹೆಸರುಗಳು ಬರಹದ ಪದಗಳೇ ಆಗಿರಬೇಕು. ಬರಹದಲ್ಲಿ ಶ್ವಾಸಕೋಶ ಎಂದಿದ್ದರೆ ಚಿತ್ರದಲ್ಲಿ ಪುಪ್ಪುಸ ಎಂದೂ ಬರೆಯಬಾರದು. ಉಚಿತ ಚಿತ್ರಗಳ ಅಂತರ್ಜಾಲ ಭಂಡಾರವಾದ ವಿಕಿಮೀಡಿಯಾ ಕಾಮನ್ಸ್‌ನಲ್ಲಿ ಎಸ್‌ವಿಜಿ ರೂಪದಲ್ಲಿರುವ (ಅಂದರೆ ಗೆರೆ, ಅಕ್ಷರಗಳನ್ನು ಬಿಡಿಬಿಡಿಯಾಗಿ ತಿದ್ದಬಹುದಾದ) ಅನೇಕ ಚಿತ್ರಗಳ ಹೆಸರುಗಳನ್ನು ಇಂಕ್‌ಸ್ಕೇಪ್‌ನಂಥ ಉಚಿತ ತಂತ್ರಾಂಶದಲ್ಲಿ ತೆರೆದು ಕನ್ನಡಕ್ಕೆ ಬದಲಾಯಿಸಿಕೊಳ್ಳಬಹುದು; ಪರವಾನಗಿಯಲ್ಲಿ ಕೇಳಿರುವಂತೆ ಮೂಲ ಚಿತ್ರಕಾರರ ಹೆಸರನ್ನು ನಮೂದಿಸಬೇಕು.

ಅಕ್ಷರದ ಗಾತ್ರದ ವಿಷಯದಲ್ಲಿ ಕನ್ನಡಕ್ಕೆ ತನ್ನದೇ ಬೇಡಿಕೆಯಿದೆ. ಇಂಗ್ಲಿಷ್ ಹೆಸರು ಓದಲು ಬರುವಷ್ಟು ಚಿಕ್ಕ ಗಾತ್ರದಲ್ಲಿ ‘ಹೃತ್ಕುಕ್ಷಿ’ ಎಂದು ಬರೆದರೆ, ಕೆಳಗಿನ ಒತ್ತಕ್ಷರಗಳೂ ವಟ್ರಸುಳಿಯೂ ಒಂದಕ್ಕೊಂದು ಮೆತ್ತಿಕೊಂಡು ಮಸಿಯ ಚುಕ್ಕೆಗಳಾಗುತ್ತವೆ. ಸಾಲುಗಳ ನಡುವೆ ಒತ್ತಕ್ಷರಕ್ಕೆ ಜಾಗ ಬಿಡಬೇಕು, ಚಿತ್ರವನ್ನು ಕುಗ್ಗಿಸಿದಾಗ ಹೆಸರುಗಳು ಕುಗ್ಗದಂತೆ ಅವುಗಳನ್ನು ಕೊನೆಯ ಗಾತ್ರ ನಿಗದಿಯಾದ ಮೇಲೆಯೇ ಬರೆಯಬೇಕು. ಕೆಲವು ತಂತ್ರಾಂಶಗಳಲ್ಲಿ ಒತ್ತಕ್ಷರ ಒಡೆದು ಬಿಡಿಬಿಡಿಯಾಗಿ ಮೂಡುವುದುಂಟು, ಹಾಗಾಗಿ ಅಚ್ಚಿಗೆ ಕಳಿಸುವ ಮೊದಲು ಪ್ರತಿ ಹೆಸರನ್ನೂ ಕಣ್ಣಾರೆ ಓದಿ ನೋಡಬೇಕು. ಟಿಪ್ಪಣಿಗಳು ಕಪ್ಪುಬಿಳುಪಿನ ಜೆರಾಕ್ಸ್ ಆಗಿ ಕೈಯಿಂದ ಕೈಗೆ ಹೋಗುವುದೇ ನಮ್ಮಲ್ಲಿ ಹೆಚ್ಚು. ಜೆರಾಕ್ಸಿನಲ್ಲಿ ಕೆಂಪು, ನೀಲಿ ಎರಡೂ ಒಂದೇ ಬೂದು ಬಣ್ಣವಾಗುತ್ತವೆ. ನೀಲಿಯ ಭಾಗಕ್ಕೆ ಓರೆಗೆರೆಗಳನ್ನೂ ತುಂಬಿಟ್ಟರೆ ಬಣ್ಣ ಹೋದರೂ ಭೇದ ಉಳಿಯುತ್ತದೆ. ಮೊಬೈಲಿನಲ್ಲಿ ಓದುವವರಿಗಾದರೆ ಅಗಲವಾದ ಒಂದು ದೊಡ್ಡ ಚಿತ್ರಕ್ಕಿಂತ, ರಕ್ತದ ದಾರಿಯ ಎರಡು ಅರ್ಧಗಳನ್ನು ಎರಡು ಚಿಕ್ಕ ಚಿತ್ರಗಳಾಗಿ ಆಯಾ ವಾಕ್ಯದ ಕೆಳಗೇ ಕೊಡುವುದು ಮೇಲು. ಕಣ್ಣು ಕಾಣದವರು ಬರಹವನ್ನು ತಂತ್ರಾಂಶದ ಮೂಲಕ ಕೇಳುತ್ತಾರಾದ್ದರಿಂದ ಪ್ರತಿ ಚಿತ್ರಕ್ಕೂ ಅದು ಹೇಳುವ ಸಂಬಂಧವನ್ನು ವಿವರಿಸುವ ಒಂದೆರಡು ವಾಕ್ಯಗಳನ್ನು ಸೇರಿಸಬೇಕು. “ಹೃದಯದ ಚಿತ್ರ” ಎಂದಷ್ಟೇ ಬರೆದರೆ ಅವರಿಗೆ ಏನೂ ಸಿಕ್ಕಂತಾಗುವುದಿಲ್ಲ.

ಅಚ್ಚಿಗೆ ಹೋಗುವ ಮುನ್ನ

ಸಿದ್ಧವಾದ ಪುಟವನ್ನು ಆ ತರಗತಿಯ ಮೂರುನಾಲ್ಕು ಮಕ್ಕಳಿಗೆ ಓದಲು ಕೊಡಬೇಕು. “ಅರ್ಥವಾಯಿತೇ?” ಎಂದು ಕೇಳಿ ಪ್ರಯೋಜನವಿಲ್ಲ, ಎಲ್ಲರೂ ತಲೆಯಾಡಿಸುತ್ತಾರೆ. ಪುಸ್ತಕ ಮುಚ್ಚಿಸಿ, ಖಾಲಿ ಹಾಳೆ ಕೊಟ್ಟು, ನೆನಪಿನಿಂದ ಚಿತ್ರ ಬರೆದು ರಕ್ತದ ದಾರಿಯನ್ನು ಗುರುತಿಸಲು ಹೇಳಬೇಕು. ಇದರಿಂದ ಮಕ್ಕಳಿಗೂ ಲಾಭವಿದೆ: ಕೆನಡಾದ ವಾಟರ್‌ಲೂ ವಿಶ್ವವಿದ್ಯಾಲಯದ ಸಂಶೋಧಕರು 2016ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಪದಗಳನ್ನು ಬರೆದುಕೊಂಡವರಿಗಿಂತ ಅವುಗಳ ಚಿತ್ರ ಬಿಡಿಸಿದವರಿಗೆ ಅವು ಹೆಚ್ಚು ನೆನಪಿದ್ದವು. ಮಕ್ಕಳ ಚಿತ್ರಗಳು ಅಂದವಾಗಿವೆಯೇ ಎಂದು ನೋಡಬಾರದು, ಎಲ್ಲಿ ತಪ್ಪಿವೆ ಎಂದು ನೋಡಬೇಕು. ಒಬ್ಬರು ತಪ್ಪಿದರೆ ಅದು ಆ ಮಗುವಿನ ಮರೆವಿರಬಹುದು. ಮೂವರೂ ಪುಪ್ಪುಸಕ ಅಪಧಮನಿಯನ್ನು ಎಡ ಹೃತ್ಕುಕ್ಷಿಗೆ ಜೋಡಿಸಿದ್ದರೆ ನಮ್ಮ ಚಿತ್ರದಲ್ಲಿ ಆ ಅಪಧಮನಿಯೂ ಮಹಾಪಧಮನಿಯೂ ಒಂದರ ಮೇಲೊಂದು ಹಾದುಹೋಗುವ ಜಾಗ ಸ್ಪಷ್ಟವಾಗಿಲ್ಲವೆಂದೇ ಅರ್ಥ. ಅಲ್ಲಿ ಗೆರೆಯನ್ನು ಬಿಡಿಸಿ ಬರೆದು, ಅದೇ ಪುಟವನ್ನು ಈ ಹಿಂದೆ ಓದಿರದ ಬೇರೆ ಮಕ್ಕಳಿಗೆ ಕೊಟ್ಟು, ಮತ್ತೊಮ್ಮೆ ಖಾಲಿ ಹಾಳೆಯಲ್ಲಿ ಬರೆಸಬೇಕು.